ನಿಮ್ಮ ಅರ್ಜಿ ಯಾರ ಟೇಬಲ್ ಮೇಲಿದೆ ಅಂತ ಕಂಡುಹಿಡಿಯೋದು ಹೇಗೆ

ನಮ್ಮಪ್ಪನ ಪಹಣೀಲಿ ಇನಿಶಿಯಲ್ ತಪ್ಪಾಗಿತ್ತು. ಒಂದೇ ಒಂದು ಅಕ್ಷರ ಅಷ್ಟೇ. ಸರಿ ಮಾಡ್ಸೋಣ ಅಂತ ತಾಲ್ಲೂಕು ಆಫೀಸಿಗೆ ಹೋದೆ, ನಾಳೆ ಬನ್ನಿ ಅಂದ್ರು, ನಾಳೆ ಹೋದೆ, ಸಾಹೇಬ್ರು ಮೀಟಿಂಗಲ್ಲಿದಾರೆ ಅಂದ್ರು, ಹಿಂಗೇ ನಾಲ್ಕೈದು ಸಲ ಆದ್ಮೇಲೆ ತಲೆ ಕೆಟ್ಟು ಸೀದಾ ಎಮ್ಮೆಲ್ಲೆ ಮನೆ ಬಾಗಿಲಿಗೆ ಹೋಗಿ ಲೆಟರ್‌ಹೆಡ್ಡಲ್ಲಿ ಒಂದು ಪತ್ರ ಬರೆಸ್ಕೊಂಡೆ, ಬೆಂಗಳೂರು ಬಸ್ ಹತ್ತಿದೆ, ವಿಧಾನಸೌಧದ ಪಾಸ್ ಮಾಡಿಸ್ಕೊಂಡು ಮಂತ್ರಿಗಳ ಆಫೀಸಲ್ಲಿ ಕೊಟ್ಟೆ. ಅಲ್ಲಿ ಒಬ್ರು ಬಹಳ ಮರ್ಯಾದೆಯಿಂದ ಇಸ್ಕೊಂಡು ಮೂಲೇಲಿ ಹಸಿರು ಇಂಕಲ್ಲಿ ಏನೋ ಬರೆದ್ರು. ನಾನು ಕೆಲಸ ಆಯ್ತು ಅಂತ ಮಸಾಲೆ ದೋಸೆ ತಿಂದು ಊರಿಗೆ ವಾಪಸ್ ಬಂದೆ.

ಮೂರು ತಿಂಗಳಾದ್ಮೇಲೆ ಆ ಪತ್ರ ಎಲ್ಲಿತ್ತು ಗೊತ್ತಾ? ನಾನು ಮೊದಲ ದಿನ ನಿಂತಿದ್ನಲ್ಲ, ಅದೇ ತಾಲ್ಲೂಕು ಆಫೀಸು, ಅದೇ ರೂಮು, ನಾನು ನಿಂತ ಜಾಗದಿಂದ ಹತ್ತಡಿ ದೂರದ ಟೇಬಲ್ ಮೇಲೆ. ಮೂಲೇಲಿ ಬರೆದಿದ್ದು "ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು" ಅಂತ. ಮಂತ್ರಿ ಆಫೀಸಿಂದ ಇಲಾಖೆಗೆ, ಇಲಾಖೆಯಿಂದ ಡಿಸಿಗೆ, ಡಿಸಿಯಿಂದ ತಹಶೀಲ್ದಾರ್‌ಗೆ, ತಹಶೀಲ್ದಾರಿಂದ ಶಿರಸ್ತೇದಾರ್‌ಗೆ, ಕೊನೆಗೆ ಕೇಸ್ ವರ್ಕರ್‌ಗೆ, ಅಂದ್ರೆ ಆ ಫೈಲ್ ನೋಡ್ಕೊಳ್ಳೋ ಗುಮಾಸ್ತರಿಗೆ, ಒಬ್ಬೊಬ್ರೂ ಅದೇ ಸಾಲನ್ನ ಬೇರೆ ಬೇರೆ ಅಕ್ಷರದಲ್ಲಿ ಬರೆದು ಕೆಳಕ್ಕೆ ತಳ್ಳಿದಾರೆ. ಆ ಕೇಸ್ ವರ್ಕರ್ ಹೇಳಿದ್ದು ಒಂದೇ ಮಾತು, "ಇದಕ್ಕೆ ಅಲ್ಲೀ ತನಕ ಯಾಕ್ ಹೋದ್ರಿ ಸಾರ್, ನನ್ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ?"

ಅವತ್ತಿಂದ ನಾನು ಕಲ್ತಿದ್ದು ಇಷ್ಟೇ, ಸರ್ಕಾರ ಅನ್ನೋದು ಒಬ್ಬ ಮನುಷ್ಯ ಅಲ್ಲ, ಅದು ಸಹಿಗಳ ಸಾಲು. ನಿಮ್ಮ ಕೆಲಸಕ್ಕೆ ಬೇಕಾದ ಸಹಿ ಯಾರ ಪೆನ್ನಲ್ಲಿದೆ, ಅವರು ಹಾಕ್ಲಿಲ್ಲ ಅಂದ್ರೆ ಅವರ ಮೇಲಿರೋ ಒಂದು ಮೆಟ್ಟಿಲು ಯಾವುದು, ಈ ಎರಡು ಗೊತ್ತಿದ್ರೆ ಸಾಕು. ಇದನ್ನ ಹುಡುಕೋದು ಹೇಗೆ ಅಂತ ನನಗೆ ತಿಳಿದಷ್ಟು ಬರೀತೀನಿ.

ಮೊದಲು, ಇದು ರಾಜ್ಯ ಸರ್ಕಾರದ ಕೆಲಸಾನಾ ಅಂತ ನೋಡಿ

ಅರ್ಧ ಜನ ಇಲ್ಲೇ ಎಡವೋದು. ಪಾಸ್‌ಪೋರ್ಟು, ರೈಲು, ಪಿಎಫ್ಫು, ಅಂಚೆ, ಇನ್ಕಮ್ ಟ್ಯಾಕ್ಸು ಇವೆಲ್ಲ ಕೇಂದ್ರದ್ದು, ಇದಕ್ಕೆ ಡಿಸಿ ಆಫೀಸಲ್ಲಿ ಅರ್ಜಿ ಕೊಟ್ರೆ ತಗೋತಾರೆ, ಆದ್ರೆ ಅವರ ಕೈಲಿ ಏನೂ ಆಗಲ್ಲ. ಪೊಲೀಸು, ಭೂಮಿ, ಆಸ್ಪತ್ರೆ, ನೀರಾವರಿ, ಪಂಚಾಯ್ತಿ ಇವು ರಾಜ್ಯದ್ದು. ಶಿಕ್ಷಣ 1976ರ 42ನೇ ತಿದ್ದುಪಡಿ ಆದ್ಮೇಲೆ ಇಬ್ಬರದ್ದೂ ಆಗಿದೆ, ಆದ್ರೆ ನಿಮ್ಮೂರ ಸರ್ಕಾರಿ ಸ್ಕೂಲಿನ ಮೇಷ್ಟ್ರು ಬರ್ತಿಲ್ಲ ಅಂದ್ರೆ ಅದು ರಾಜ್ಯದ ಕೆಲಸಾನೇ.

ರಸ್ತೆ ವಿಷಯ ತಗೊಳ್ಳಿ, ಇದು ಒಳ್ಳೆ ಉದಾಹರಣೆ. ಗುಂಡಿ ಬಿದ್ದಿದೆ, ಯಾರನ್ನ ಕೇಳೋದು? ಪಕ್ಕದಲ್ಲಿ ಮೈಲಿಗಲ್ಲು ಇದ್ರೆ ಅದರ ತಲೆ ಬಣ್ಣ ನೋಡಿ. ಹಳದಿ ಇದ್ರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ರೆ ರಾಜ್ಯ ಹೆದ್ದಾರಿ, ಅಂದ್ರೆ ಲೋಕೋಪಯೋಗಿ ಇಲಾಖೆ, ಜನ ಪಿಡಬ್ಲ್ಯೂಡಿ ಅನ್ನೋದು. ಕಿತ್ತಳೆ ಬಣ್ಣ ಇದ್ರೆ ಹಳ್ಳಿ ರಸ್ತೆ, ಅದು ಪಂಚಾಯತ್ ರಾಜ್ ಎಂಜಿನಿಯರ್‌ಗಳ ಕಡೆ ಹೋಗುತ್ತೆ. ಊರೊಳಗಿನ ಬೀದಿ ಆದ್ರೆ ಗ್ರಾಮ ಪಂಚಾಯ್ತಿ ಇಲ್ಲಾ ಪುರಸಭೆ. ಬೆಂಗಳೂರಲ್ಲಿ ಮೊದಲು ಬಿಬಿಎಂಪಿ ಅಂತಿತ್ತು, 2025ರಲ್ಲಿ ಅದು ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆ ಅಂತ ಆಗಿದೆ, ಹಂಗಾಗಿ ನಿಮ್ಮ ಏರಿಯಾ ಉತ್ತರಾನೋ ದಕ್ಷಿಣಾನೋ ಪೂರ್ವಾನೋ ಪಶ್ಚಿಮಾನೋ ಕೇಂದ್ರಾನೋ ಅಂತ ಮೊದಲು ನೋಡ್ಕೊಳ್ಳಿ, ಇಲ್ಲಾಂದ್ರೆ ಎರಡು ಪಾಲಿಕೆಯವ್ರೂ ನಮ್ದಲ್ಲ ನಮ್ದಲ್ಲ ಅಂತಾರೆ.

ಇನ್ನೊಂದು ಗೋಜಲು ಅಂದ್ರೆ ನಿಗಮ ಮಂಡಳಿಗಳು. ಕರೆಂಟು ಕೊಡೋದು ಸರ್ಕಾರದ ಇಲಾಖೆ ಅಲ್ಲ, ಬೆಸ್ಕಾಂ ಮೆಸ್ಕಾಂ ಹೆಸ್ಕಾಂ ಜೆಸ್ಕಾಂ ಅಂತ ಕಂಪನಿಗಳು, ಮೈಸೂರು ಕಡೆ ಸೆಸ್ಕ್. ಸರ್ಕಾರದ್ದೇ ಕಂಪನಿ, ಆದ್ರೆ ಅವಕ್ಕೆ ಅವರದ್ದೇ ಮೆಟ್ಟಿಲು, ಲೈನ್‌ಮನ್, ಸೆಕ್ಷನ್ ಆಫೀಸು, ಸಬ್ ಡಿವಿಷನ್ನು, ಹಿಂಗೆ. ಕರೆಂಟ್ ಬಿಲ್ ತಪ್ಪು ಬಂದಿದೆ ಅಂತ ತಹಶೀಲ್ದಾರ್ ಹತ್ರ ಹೋಗ್ಬೇಡಿ. ಬೆಂಗಳೂರಿನ ನೀರೂ ಅಷ್ಟೆ, ಅದು ಜಲಮಂಡಳಿ, ಪಾಲಿಕೆಗೂ ಅದಕ್ಕೂ ಸಂಬಂಧ ಇಲ್ಲ.

ಗ್ಯಾರಂಟಿ ಸ್ಕೀಮ್‌ಗಳಲ್ಲೂ ಇದೇ ಕಥೆ. ಐದೂ ಒಂದೇ ಪೋಸ್ಟರಲ್ಲಿ ಬರುತ್ತೆ, ಒಂದೇ ಫೋಟೋ, ಆದ್ರೆ ಒಳಗಡೆ ಬೇರೆ ಬೇರೆ ಇಲಾಖೆ. ಗೃಹಲಕ್ಷ್ಮಿ 2000 ರೂಪಾಯಿ ಬಂದಿಲ್ವಾ, ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ತಾಲ್ಲೂಕಲ್ಲಿ ಸಿಡಿಪಿಒ ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸು. ರೇಷನ್ ಅಕ್ಕಿ ಸಮಸ್ಯೇನಾ, ಆಹಾರ ಇಲಾಖೆ. ಗೃಹಜ್ಯೋತಿ ಆದ್ರೆ ನಿಮ್ಮ ಎಸ್ಕಾಂ, ಅಂದ್ರೆ ಮೇಲೆ ಹೇಳಿದ ಕರೆಂಟ್ ಕಂಪನಿ. ನಮ್ಮ ಬೀದಿ ಅಜ್ಜಿ ಒಬ್ರು ಗೃಹಲಕ್ಷ್ಮಿ ದುಡ್ಡಿಗೆ ಬ್ಯಾಂಕು, ಪಂಚಾಯ್ತಿ, ಪೋಸ್ಟಾಫೀಸು ಎಲ್ಲ ಸುತ್ತಿದ್ರು, ಅಂಗನವಾಡಿ ಟೀಚರ್ ಒಂದೇ ಫೋನಲ್ಲಿ ಹೇಳಿದ್ರು, ರೇಷನ್ ಕಾರ್ಡಲ್ಲಿ ಮನೆ ಯಜಮಾನಿ ಅಂತ ಸೊಸೆ ಹೆಸರಿದೆ ಅಜ್ಜಿ, ನಿಮ್ದಲ್ಲ ಅಂತ. ಆಮೇಲೆ ಮನೇಲಿ ಏನಾಯ್ತು ಅನ್ನೋದು ಬೇರೆ ವಿಷಯ ಬಿಡಿ.

ಮೇಲಿನವ್ರು ಏನು ಮಾಡ್ತಾರೆ, ಏನು ಮಾಡಲ್ಲ

ಇದನ್ನ ಬೇಗ ಮುಗಿಸ್ತೀನಿ, ಸ್ಕೂಲಲ್ಲಿ ಓದಿರ್ತೀರ. ವಿಧಾನಸಭೆ 224 ಜನ, ನಾವು ಓಟು ಹಾಕಿ ಕಳ್ಸೋರು. ವಿಧಾನ ಪರಿಷತ್ತು 75 ಜನ, ಅದರಲ್ಲಿ 25 ಜನರನ್ನ ಎಮ್ಮೆಲ್ಲೆಗಳು ಆರಿಸ್ತಾರೆ, 25 ಜನ ಸ್ಥಳೀಯ ಸಂಸ್ಥೆಗಳಿಂದ, 7 ಪದವೀಧರರು, 7 ಶಿಕ್ಷಕರು, 11 ಜನ ರಾಜ್ಯಪಾಲರ ನಾಮಕರಣ. ಮಂತ್ರಿಗಳು ಎಷ್ಟು ಜನ ಬೇಕಾದ್ರೂ ಆಗೋ ಹಾಗಿಲ್ಲ, 2003ರ ತಿದ್ದುಪಡಿ ಪ್ರಕಾರ ಸಭೆಯ ಶೇಕಡ 15, ಹಂಗಾಗಿ ನಮ್ಮಲ್ಲಿ ಸಿಎಂ ಸೇರಿ 34. ಪ್ರತಿ ಸಲ ಸಂಪುಟ ವಿಸ್ತರಣೆ ಅಂತ ಗಲಾಟೆ ಆಗೋದು ಈ 34ಕ್ಕೇನೇ.

ರಾಜ್ಯಪಾಲರ ಹೆಸರಲ್ಲಿ ಎಲ್ಲ ನಡೆಯುತ್ತೆ, ನಡೆಸೋದು ಮಂತ್ರಿಮಂಡಲ. ಬಹುಮತ ಇದೆಯೋ ಇಲ್ವೋ ಅನ್ನೋದು ರಾಜಭವನದಲ್ಲಿ ಅಲ್ಲ, ಸದನದಲ್ಲೇ ತೀರ್ಮಾನ ಆಗ್ಬೇಕು ಅಂತ ಇಡೀ ದೇಶಕ್ಕೆ ಕಾನೂನು ಆಗಿದ್ದು ನಮ್ಮ ರಾಜ್ಯದ ಕೇಸಿಂದಾನೇ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯ್ತು, ಸದನದಲ್ಲಿ ಬಹುಮತ ತೋರಿಸೋಕೆ ಅವಕಾಶಾನೇ ಕೊಡ್ಲಿಲ್ಲ, 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು ಹಂಗೆ ಮಾಡೋ ಹಾಗಿಲ್ಲ ಅಂದ್ರು.

ನಮಗೆ ಬೇಕಾಗಿರೋದು ಎಮ್ಮೆಲ್ಲೆ ಕೈಲಿ ಏನಿದೆ ಅನ್ನೋದು. ಎಮ್ಮೆಲ್ಲೆ ಯಾವ ಆಫೀಸರ್‌ಗೂ ಆದೇಶ ಕೊಡೋ ಹಾಗಿಲ್ಲ, ಕಾಗದದ ಮೇಲೆ ಅವರು ಶಿಫಾರಸ್ಸು ಮಾಡ್ಬಹುದು ಅಷ್ಟೇ. ಫೋನ್ ಮಾಡಿ ಜೋರು ಮಾಡ್ತಾರೆ ನಿಜ, ಅದು ಕೆಲವು ಸಲ ಕೆಲಸಾನೂ ಮಾಡುತ್ತೆ, ಆದ್ರೆ ಸಹಿ ಅವರದ್ದಲ್ಲ. ಅವರ ಕೈಲಿ ನಿಜವಾಗ್ಲೂ ಇರೋದು ಎರಡ್ಮೂರು. ವರ್ಷಕ್ಕೆ 2 ಕೋಟಿ ಕ್ಷೇತ್ರಾಭಿವೃದ್ಧಿ ನಿಧಿ ಇರುತ್ತೆ, ಸ್ಕೂಲ್ ರೂಮು, ಬಸ್ ಸ್ಟಾಪು, ಸಮುದಾಯ ಭವನ ಇಂಥದ್ದಕ್ಕೆ ಕೇಳ್ಬಹುದು. ಕೆಡಿಪಿ ಮೀಟಿಂಗು ಅಂತ ಇರುತ್ತೆ, ಅಭಿವೃದ್ಧಿ ಕೆಲಸಗಳ ಪರಿಶೀಲನೆ ಸಭೆ, ಜಿಲ್ಲೇದಾದ್ರೆ ಉಸ್ತುವಾರಿ ಮಂತ್ರಿ ಕೂತ್ಕೊಂಡು ಎಲ್ಲ ಇಲಾಖೆ ಅಧಿಕಾರಿಗಳನ್ನ ಸಾಲಾಗಿ ನಿಲ್ಲಿಸಿ ಕೇಳೋದು, ಊರಿನ ಸಮಸ್ಯೆ ಇದ್ರೆ ಆ ಮೀಟಿಂಗಿಗೆ ವಾರ ಮುಂಚೆ ಎಮ್ಮೆಲ್ಲೆ ಕೈಗೆ ಚೀಟಿ ಸೇರ್ಬೇಕು. ಮೂರನೇದು ಜನ ಬಳಸೋದೇ ಇಲ್ಲ, ಸದನದಲ್ಲಿ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆ ಅಂದ್ರೆ ಮಂತ್ರಿ ಎದ್ದು ನಿಂತು ಉತ್ತರ ಹೇಳ್ಬೇಕು, ಚುಕ್ಕೆ ಇಲ್ಲದ್ದು ಅಂದ್ರೆ ಬರೆದು ಕೊಡ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೇಲಿ ಎಷ್ಟು ಡಾಕ್ಟರ್ ಹುದ್ದೆ ಖಾಲಿ ಇದೆ ಅಂತ ಒಂದು ಪ್ರಶ್ನೆ ಬಿದ್ರೆ ಬೆಂಗಳೂರಿಂದ ತಾಲ್ಲೂಕು ತನಕ ಎಲ್ಲರ ಫೋನೂ ಹೊಡ್ಕೊಳ್ಳುತ್ತೆ, ಸಂಜೆಯೊಳಗೆ ಮಾಹಿತಿ ಕಳ್ಸಿ ಅಂತ. ಲೆಟರ್‌ಹೆಡ್ಡಿಗಿಂತ ಇದು ಎಷ್ಟೋ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಸೌಧದ ಒಳಗೆ ಫೈಲ್ ಹೆಂಗೆ ನಡೆಯುತ್ತೆ

ವಿಧಾನಸೌಧ, ವಿಕಾಸಸೌಧ, ಎಂಎಸ್ ಬಿಲ್ಡಿಂಗ್, ಈ ಮೂರರಲ್ಲಿ ಇರೋದನ್ನ ಸಚಿವಾಲಯ ಅಂತಾರೆ. ಇದು ಇಲಾಖೆಯ ತಲೆ ಮಾತ್ರ, ಕೈಕಾಲು ಬೇರೆ ಕಡೆ. ಶಿಕ್ಷಣ ಇಲಾಖೆ ಉದಾಹರಣೆಗೆ, ಪ್ರಧಾನ ಕಾರ್ಯದರ್ಶಿ ಕೂರೋದು ಸಚಿವಾಲಯದಲ್ಲಿ, ಅಲ್ಲಿ ನೀತಿ, ಆದೇಶ, ಬಜೆಟ್ಟು. ಆಯುಕ್ತರು ಕೂರೋದು ನೃಪತುಂಗ ರಸ್ತೇಲಿ, ಅಲ್ಲಿಂದ ಇಲಾಖೆ ನಡೆಯುತ್ತೆ. ಜಿಲ್ಲೇಲಿ ಡಿಡಿಪಿಐ ಅಂದ್ರೆ ಉಪನಿರ್ದೇಶಕರು, ತಾಲ್ಲೂಕಲ್ಲಿ ಬಿಇಒ ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ. ಆರೋಗ್ಯದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಡಿಎಚ್‌ಒ, ತಾಲ್ಲೂಕು ಆರೋಗ್ಯಾಧಿಕಾರಿ ಟಿಎಚ್‌ಒ. ಪೊಲೀಸಲ್ಲಿ ಎಸ್‌ಪಿ, ಡಿವೈಎಸ್‌ಪಿ, ಸರ್ಕಲ್ ಇನ್‌ಸ್ಪೆಕ್ಟರು, ಎಸ್‌ಐ. ಎಲ್ಲ ಇಲಾಖೆಗೂ ಇದೇ ಏಣಿ, ರಾಜ್ಯ ಜಿಲ್ಲೆ ತಾಲ್ಲೂಕು, ಹೆಸರು ಬೇರೆ ಅಷ್ಟೇ, ಒಂದು ಇಲಾಖೇದು ಗೊತ್ತಾದ್ರೆ ಉಳಿದಿದ್ದನ್ನ ನೀವೇ ಊಹೆ ಮಾಡ್ಬಹುದು. ಸ್ಟೇಷನ್‌ನಲ್ಲಿ ಎಫ್‌ಐಆರ್ ತಗೊಳ್ಳಲಿಲ್ಲ ಅಂದ್ರೆ ಗೃಹ ಮಂತ್ರಿಗೆ ಟ್ವೀಟ್ ಮಾಡೋದಕ್ಕಿಂತ ಮೊದಲು ಎಸ್‌ಪಿಗೆ ದೂರು ಬರೆದು ಕಳ್ಸಿ, ಕಾನೂನಲ್ಲೇ ಆ ದಾರಿ ಇದೆ.

ಸಚಿವಾಲಯದೊಳಗೆ ಫೈಲ್ ಹುಟ್ಟೋದು ಕೆಳಗೆ. ಸಹಾಯಕರು ಟಿಪ್ಪಣಿ ಬರೀತಾರೆ, ಶಾಖಾಧಿಕಾರಿ ನೋಡ್ತಾರೆ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಆಮೇಲೆ ಕಾರ್ಯದರ್ಶಿ ಇಲ್ಲಾ ಪ್ರಧಾನ ಕಾರ್ಯದರ್ಶಿ, ಆಮೇಲೆ ಮಂತ್ರಿ. ದೊಡ್ಡ ವಿಷಯ ಆದ್ರೆ ಸಿಎಂ, ಸಂಪುಟ. ಯಾವ ವಿಷಯ ಎಲ್ಲೀ ತನಕ ಹೋಗ್ಬೇಕು, ಯಾವುದು ಸಂಪುಟಕ್ಕೇ ಬರ್ಬೇಕು ಅಂತ 1977ರ ಕಾರ್ಯಕಲಾಪ ನಿರ್ವಹಣೆ ನಿಯಮಗಳು ಅಂತ ಇದೆ, ಯಾವ ವಿಷಯ ಯಾವ ಇಲಾಖೆಗೆ ಅನ್ನೋದಕ್ಕೆ ಅದೇ ವರ್ಷದ ಇನ್ನೊಂದು ನಿಯಮ. ಈಗ ಇ-ಆಫೀಸ್ ಬಂದು ಫೈಲು ಕಂಪ್ಯೂಟರಲ್ಲೇ ಓಡಾಡುತ್ತೆ, ಮೊದಲಿನ ಹಾಗೆ ಕೆಂಪು ದಾರ ಕಟ್ಟಿ ತಲೆ ಮೇಲೆ ಹೊತ್ಕೊಂಡು ಹೋಗೋದು ಕಮ್ಮಿ.

ದುಡ್ಡಿನ ವಿಷಯ ಇದ್ರೆ ಫೈಲು ಒಂದು ಸುತ್ತು ಜಾಸ್ತಿ ಹಾಕುತ್ತೆ, ಆರ್ಥಿಕ ಇಲಾಖೆ ಕಡೆ. ಮಂತ್ರಿಗಳು ವೇದಿಕೆ ಮೇಲೆ ಮಂಜೂರು ಅಂದ್ರೂ ಆರ್ಥಿಕ ಇಲಾಖೆ ಸಹಮತಿ ಕೊಡೋ ತನಕ ಅದು ಬರೀ ಭಾಷಣ. ನಮ್ಮಲ್ಲಿ ಸಿಎಂ ತಾವೇ ಹಣಕಾಸು ಇಟ್ಕೊಳ್ಳೋದು ಯಾಕೆ ಅಂತ ಈಗ ಅರ್ಥ ಆಗಿರ್ಬೇಕು. ಸಿದ್ದರಾಮಯ್ಯನವ್ರು 2025ರ ಮಾರ್ಚಲ್ಲಿ ಮಂಡಿಸಿದ್ದು ಅವರ 16ನೇ ಬಜೆಟ್ಟು, 4 ಲಕ್ಷ 9 ಸಾವಿರ ಕೋಟಿದು, ಅದರ ಬೀಗದ ಕೈ ಯಾರ ಹತ್ರ ಇದೆಯೋ ಉಳಿದ ಮಂತ್ರಿಗಳೆಲ್ಲ ಅವರ ಬಾಗಿಲಿಗೇ ಬರ್ಬೇಕು.

ಒಂದು ಸರ್ಕಾರಿ ಆದೇಶ ಓದೋದು ಕಲೀರಿ

ಇದು ಬಂದ್ರೆ ಅರ್ಧ ಸರ್ಕಾರ ಅರ್ಥ ಆದಂಗೆ. ಯಾವ್ದಾದ್ರೂ ಆದೇಶದ ಪಿಡಿಎಫ್ ತೆಗೀರಿ, ವಾಟ್ಸಾಪಲ್ಲಿ ದಿನಾ ಓಡಾಡ್ತಿರುತ್ತಲ್ಲ. ಮೇಲೆ ಕರ್ನಾಟಕ ಸರ್ಕಾರದ ನಡವಳಿಗಳು ಅಂತಿರುತ್ತೆ. ಅದರ ಕೆಳಗೆ ವಿಷಯ. ಆಮೇಲೆ ಓದಲಾಗಿದೆ ಅಂತ ಒಂದಷ್ಟು ಹಳೇ ಆದೇಶ, ಪತ್ರಗಳ ನಂಬರು ದಿನಾಂಕ. ಎಲ್ಲರೂ ಇದನ್ನ ಹಾರಿಸ್ಕೊಂಡು ಹೋಗ್ತಾರೆ, ನನ್ನ ಪ್ರಕಾರ ಮುಖ್ಯವಾದ್ದು ಇದೇ, ಈ ಫೈಲು ಎಲ್ಲಿಂದ ಶುರುವಾಯ್ತು, ಯಾವ ಡಿಸಿ ಇಲ್ಲಾ ಯಾವ ಆಯುಕ್ತರು ಪ್ರಸ್ತಾವನೆ ಕಳ್ಸಿದ್ರು ಅನ್ನೋದು ಇಲ್ಲೇ ಸಿಗೋದು. ಆಮೇಲೆ ಪ್ರಸ್ತಾವನೆ, ಅಂದ್ರೆ ಕಥೆ. ಕೊನೆಗೆ ಸರ್ಕಾರಿ ಆದೇಶ ಸಂಖ್ಯೆ ಅಂತ ದಪ್ಪಕ್ಷರದಲ್ಲಿ.

ಆ ಸಂಖ್ಯೇಲೇ ಇಲಾಖೆ ಅಡಗಿರುತ್ತೆ. ಕಂಇ ಅಂದ್ರೆ ಕಂದಾಯ ಇಲಾಖೆ, ಆಇ ಅಂದ್ರೆ ಆರ್ಥಿಕ ಇಲಾಖೆ, ಸಿಆಸುಇ ಅಂದ್ರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ, ಆಮೇಲೆ ನಂಬರು, ಶಾಖೆಯ ಅಕ್ಷರ, ವರ್ಷ. ಆ ವರ್ಷ ಫೈಲು ತೆರೆದ ವರ್ಷ, ಆದೇಶ ಬಂದ ವರ್ಷ ಅಲ್ಲ, ಎರಡಕ್ಕೂ ಮಧ್ಯೆ ಎಷ್ಟು ಅಂತರ ಇದೆ ಅಂತ ನೋಡಿದ್ರೆ ಫೈಲು ಎಷ್ಟು ದಿನ ನಿದ್ದೆ ಮಾಡಿದೆ ಅಂತ ಗೊತ್ತಾಗುತ್ತೆ. ದುಡ್ಡಿನ ಆದೇಶ ಆದ್ರೆ ಒಂದು ಸಾಲು ಹುಡುಕಿ, ಆರ್ಥಿಕ ಇಲಾಖೆಯ ಹಿಂಬರಹ ಸಂಖ್ಯೆ ಇಂಥದ್ದರಲ್ಲಿ ನೀಡಿರುವ ಸಹಮತಿಯನ್ವಯ ಅಂತ. ಇದ್ರೆ ಸೈ, ದುಡ್ಡು ಬರೋ ಛಾನ್ಸ್ ಇದೆ. ಇಲ್ದೇ ಹೋದ್ರೆ ತಾತ್ವಿಕ ಒಪ್ಪಿಗೆ ಅಷ್ಟೇ, ಊಟಕ್ಕೆ ಕರೆದು ಎಲೆ ಹಾಕ್ದೇ ಇದ್ದಂಗೆ.

ಕಟ್ಟಕಡೇಲಿ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಬರೆದು ಕೆಳಗೆ ಸಾಮಾನ್ಯವಾಗಿ ಒಬ್ಬ ಅಧೀನ ಕಾರ್ಯದರ್ಶಿ ಸಹಿ ಇರುತ್ತೆ. ಆ ಸಹಿ ಪಕ್ಕದ ಇಲಾಖೆ, ಶಾಖೆ ಹೆಸರು ಬರ್ಕೊಳ್ಳಿ, ಬೆಂಗಳೂರಿಗೆ ಹೋಗ್ಲೇಬೇಕಾಗಿ ಬಂದ್ರೆ ಆ ಶಾಖೆಗೆ ಹೋಗಿ, ಮಂತ್ರಿ ಛೇಂಬರಿಗಲ್ಲ. ಅದರ ಕೆಳಗೆ ಇವರಿಗೆ ಅಂತ ಪಟ್ಟಿ, ಪ್ರತಿ ಯಾರ್ಯಾರಿಗೆ ಹೋಗಿದೆ ಅಂತ, ನಿಮ್ಮ ಜಿಲ್ಲೆ ಆಫೀಸರ್ ಹೆಸರು ಅದರಲ್ಲಿದ್ರೆ "ನಮಗೆ ಆದೇಶ ಬಂದೇ ಇಲ್ಲ" ಅನ್ನೋ ಮಾತಿಗೆ ಇದೇ ಉತ್ತರ.

ಜಿಲ್ಲೆ, ತಾಲ್ಲೂಕು, ಹೋಬಳಿ: ನಿಮ್ಮ ಕೆಲಸ ಇರೋದು ಇಲ್ಲೇ

31 ಜಿಲ್ಲೆ, ನಾಲ್ಕು ಕಂದಾಯ ವಿಭಾಗ, ಬೆಂಗಳೂರು ಮೈಸೂರು ಬೆಳಗಾವಿ ಕಲಬುರಗಿ. ಊರಲ್ಲಿ ಮೂರು ಏಣಿ ಪಕ್ಕಪಕ್ಕ ನಿಂತಿವೆ, ಜನ ಒಂದರ ಮೇಲೆ ಹತ್ತಿ ಇನ್ನೊಂದರಲ್ಲಿ ಇಳಿಯೋಕೆ ನೋಡ್ತಾರೆ, ಬೀಳ್ತಾರೆ.

ಮೊದಲನೇದು ಕಂದಾಯ. ಕೆಳಗೆ ಗ್ರಾಮ ಆಡಳಿತಾಧಿಕಾರಿ, ಮೊನ್ನೆಮೊನ್ನೆ ತನಕ ವಿಎ ಅಂತಿದ್ವಿ, ಅಜ್ಜಂದಿರು ಈಗ್ಲೂ ಶಾನುಭೋಗ್ರು ಅಂತಾರೆ. ಅವರ ಮೇಲೆ ಆರ್‌ಐ ಅಂದ್ರೆ ಕಂದಾಯ ನಿರೀಕ್ಷಕರು, ಹೋಬಳೀಲಿ ನಾಡಕಚೇರಿ, ಅಲ್ಲಿ ಉಪ ತಹಶೀಲ್ದಾರ್, ತಾಲ್ಲೂಕಲ್ಲಿ ತಹಶೀಲ್ದಾರ್, ಉಪವಿಭಾಗದಲ್ಲಿ ಎಸಿ ಅಂದ್ರೆ ಉಪವಿಭಾಗಾಧಿಕಾರಿ, ಜಿಲ್ಲೇಲಿ ಡಿಸಿ. ಜಾತಿ ಆದಾಯ ಸರ್ಟಿಫಿಕೇಟಿಗೆ ಅರ್ಜಿ ನಾಡಕಚೇರೀಲಿ, ಆದ್ರೆ ಅದು ನಿಂತಿರೋದು ವಿಎ ಕೊಡೋ ವರದಿ ಮೇಲೆ, ಹಂಗಾಗಿ ತಡ ಆಯ್ತು ಅಂದ್ರೆ ಮೊದಲು ವರದಿ ಹೋಗಿದ್ಯಾ ಅಂತ ವಿಎನ ಕೇಳಿ, ಕಂಪ್ಯೂಟರ್ ಮುಂದೆ ಕೂತಿರೋ ಹುಡುಗನ ಮೇಲೆ ಕೂಗಾಡ್ಬೇಡಿ, ಪಾಪ ಅವನ ಕೈಲಿ ಏನಿಲ್ಲ.

ಜಮೀನಿನ ಖಾತೆ ಬದಲಾವಣೆ, ಮ್ಯುಟೇಶನ್ನು, ಎಂಆರ್ ಅಂತಾರಲ್ಲ, ಅದರಲ್ಲಿ ಆದೇಶ ತಪ್ಪಾಗಿದೆ ಅಂತ ಅನ್ಸಿದ್ರೆ 1964ರ ಭೂಕಂದಾಯ ಕಾಯ್ದೆ 136ನೇ ಕಲಂ ಪ್ರಕಾರ ಎಸಿ ಹತ್ರ ಮೇಲ್ಮನವಿ, ಅದರ ಮೇಲೆ ಡಿಸಿ ಹತ್ರ. ಆದ್ರೆ ಜಮೀನು ಯಾರದ್ದು ಅನ್ನೋ ಜಗಳ ಇದ್ರೆ ಅದನ್ನ ಯಾವ ಕಂದಾಯ ಆಫೀಸರೂ ಬಗೆಹರಿಸೋಕೆ ಆಗಲ್ಲ, ಸಿವಿಲ್ ಕೋರ್ಟೇ ಗತಿ. ಅಣ್ಣತಮ್ಮಂದಿರ ಜಗಳಾನ ತಹಶೀಲ್ದಾರ್ ಮುಂದೆ ಹತ್ತು ವರ್ಷ ಎಳೆದಾಡಿ ಕೊನೆಗೆ ಕೋರ್ಟಿಗೆ ಹೋದವ್ರನ್ನ ನಮ್ಮೂರಲ್ಲೇ ನೋಡಿದೀನಿ. ರಿಜಿಸ್ಟ್ರೇಷನ್ ಬೇರೆ, ಸಬ್ ರಿಜಿಸ್ಟ್ರಾರ್ ತಹಶೀಲ್ದಾರ್ ಕೆಳಗೆ ಬರಲ್ಲ. ಅಳತೆ, ಪೋಡಿ ಅಂದ್ರೆ ಜಮೀನು ಭಾಗ ಮಾಡಿ ಬೇರೆ ನಂಬರ್ ಕೊಡೋದು, ಜಮೀನಿನ ಭಾಗ ಮಾರೋಕೆ ಬೇಕಾಗೋ 11ಇ ನಕ್ಷೆ ಇವೆಲ್ಲ ಸರ್ವೆ ಇಲಾಖೆ, ತಾಲ್ಲೂಕು ಆಫೀಸ್ ಬಿಲ್ಡಿಂಗಲ್ಲೇ ಇದ್ರೂ ಬೇರೆ ಸಂಸಾರ.

ಎರಡನೇ ಏಣಿ ಪಂಚಾಯ್ತಿ. ಗ್ರಾಮ ಪಂಚಾಯ್ತೀಲಿ ಪಿಡಿಒ ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ತಾಲ್ಲೂಕು ಪಂಚಾಯ್ತೀಲಿ ಇಒ ಅಂದ್ರೆ ಕಾರ್ಯನಿರ್ವಾಹಕ ಅಧಿಕಾರಿ, ಜಿಲ್ಲಾ ಪಂಚಾಯ್ತೀಲಿ ಸಿಇಒ ಅಂದ್ರೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. ಹೊಲಕ್ಕೆ ಪಹಣಿ ವಿಎ ಕಡೆ, ಹಳ್ಳಿ ಮನೆಗೆ ಇ-ಸ್ವತ್ತು ಅನ್ನೋ ಆಸ್ತಿ ದಾಖಲೆ ಪಿಡಿಒ ಕಡೆ, ಇದೊಂದು ತಲೇಲಿಟ್ಕೊಂಡ್ರೆ ಅರ್ಧ ಓಡಾಟ ತಪ್ಪುತ್ತೆ. ಪಿಡಿಒ ಮೇಲೆ ದೂರು ಇದ್ರೆ ಇಒ, ಅಲ್ಲೂ ಆಗ್ಲಿಲ್ಲ ಅಂದ್ರೆ ಸಿಇಒ. ಡಿಸಿಗೆ ಕೊಟ್ರೆ ಅವರೂ ಸಿಇಒಗೇ ಕಳ್ಸೋದು.

ಮೂರನೇದು ಉಳಿದ ಇಲಾಖೆಗಳದ್ದು, ಕೃಷಿ, ತೋಟಗಾರಿಕೆ, ಸಮಾಜ ಕಲ್ಯಾಣ, ಅದನ್ನ ಮೇಲೇ ಹೇಳ್ದೆ.

ಅರ್ಜಿ ಕೊಡೋದು, ಬೆನ್ನು ಹತ್ತೋದು

ಒಂದು ಅರ್ಜಿಗೆ ಒಂದೇ ವಿಷಯ ಬರೀರಿ. ಪಹಣೀನೂ ಅದರಲ್ಲೇ, ರಸ್ತೆ ಒತ್ತುವರೀನೂ ಅದರಲ್ಲೇ, ಪಕ್ಕದ ಮನೆಯವ್ನ ದನಾನೂ ಅದರಲ್ಲೇ ಅಂತ ನಾಲ್ಕು ಪುಟ ಬರೆದ್ರೆ ಆ ಅರ್ಜಿ ಯಾವ ಟೇಬಲ್ಲಿಗೆ ಹೋಗ್ಬೇಕು ಅಂತ ಯಾರಿಗೂ ಗೊತ್ತಾಗಲ್ಲ, ಎಲ್ಲೂ ಹೋಗಲ್ಲ. ಎರಡು ಪ್ರತಿ ತಗೊಂಡೋಗಿ, ಟಪಾಲು ಸೆಕ್ಷನ್‌ನಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರು ಹಾಕಿಸ್ಕೊಳ್ಳಿ. ಸಾಹೇಬ್ರ ಕೈಗೇ ಕೊಟ್ಟೆ ಅನ್ನೋದು ದೊಡ್ಡ ವಿಷಯ ಅಲ್ಲ, ಸಾಹೇಬ್ರು ಅದನ್ನ ಟಪಾಲಿಗೇ ಕೊಡೋದು, ನಂಬರ್ ಇಲ್ದೇ ಇದ್ರೆ ಮಧ್ಯದಲ್ಲಿ ಎಲ್ಲಾದ್ರೂ ಬಿದ್ದೋಗುತ್ತೆ. ಮೂರ್ನಾಲ್ಕು ದಿನ ಬಿಟ್ಟು ಹೋಗಿ ಕೇಳಬೇಕಾದ ಪ್ರಶ್ನೆ ಒಂದೇ, "ಇದರ ಕೇಸ್ ವರ್ಕರ್ ಯಾರು?" ನನ್ನ ಕೆಲಸ ಆಯ್ತಾ ಅಂತ ಕೇಳಿದ್ರೆ ಇಲ್ಲ ಅನ್ನೋ ಉತ್ತರ ಸುಲಭ, ಯಾರ ಹತ್ರ ಇದೆ ಅಂದ್ರೆ ಒಂದು ಹೆಸರು ಹೇಳ್ಲೇಬೇಕು.

ಸಕಾಲ, ಅಂದ್ರೆ ಹೇಳಿದ ದಿನದೊಳಗೆ ಕೆಲಸ ಮಾಡಿ ಕೊಡ್ಬೇಕು ಅನ್ನೋ ಕಾಯ್ದೆ, ಅದರ ಕೆಳಗೆ ಬರೋ ಸೇವೆ ಆದ್ರೆ ಇನ್ನೂ ಸುಲಭ. 2011ರ ಕಾಯ್ದೆ, 2012ರ ಏಪ್ರಿಲಿಂದ ಇಡೀ ರಾಜ್ಯಕ್ಕೆ ಬಂತು, ಒಂದೊಂದು ಸೇವೆಗೂ ಇಷ್ಟು ದಿನ ಅಂತ ಗಡುವು ಇರುತ್ತೆ, 15 ಅಂಕಿಯ ಜಿಎಸ್‌ಸಿ ಅನ್ನೋ ಸ್ವೀಕೃತಿ ನಂಬರ್ ಕೊಡ್ತಾರೆ. ತಡ ಆದ್ರೆ ದಿನಕ್ಕೆ 20 ರೂಪಾಯಿ ಲೆಕ್ಕದಲ್ಲಿ 500ರ ತನಕ ಪರಿಹಾರ. ದುಡ್ಡು ಕಾಫಿ ಖರ್ಚಿಗೆ ಸಾಲಲ್ಲ, ಆದ್ರೆ ತಡ ಮಾಡಿದ್ದು ಯಾರು ಅಂತ ರೆಕಾರ್ಡಲ್ಲಿ ಬೀಳುತ್ತೆ, ಅವ್ರಿಗೆ ಬಿಸಿ ಅದೇ. ಅದಕ್ಕೇ ಕೆಲವು ಕಡೆ ಸಕಾಲ ನಂಬರ್ ಕೊಡದೆ ಬಿಳಿ ಹಾಳೇಲಿ ಅರ್ಜಿ ತಗೊಂಡು ಸುಮ್ನಾಗ್ತಾರೆ, ಕೇಳಿ ಇಸ್ಕೊಳ್ಳಿ.

ಆಗಲ್ಲ ಅಂತ ಬಾಯಲ್ಲಿ ಹೇಳಿದ್ರೆ ಒಪ್ಕೊಂಡು ಬರ್ಬೇಡಿ. ಹಿಂಬರಹ ಕೊಡಿ ಅನ್ನಿ. ಯಾಕೆ ಆಗಲ್ಲ, ಯಾವ ನಿಯಮದಲ್ಲಿ ಆಗಲ್ಲ ಅಂತ ಬರೆದು ಸಹಿ ಹಾಕಿ ಕೊಡೋದು. ಎರಡು ಸಾಧ್ಯತೆ, ಒಂದು, ಬರೆಯೋಕೆ ಕೂತಾಗ ಕಾರಣ ಸಿಗದೆ ಕೆಲಸಾನೇ ಮಾಡಿ ಕೊಡ್ತಾರೆ. ಇನ್ನೊಂದು, ಹಿಂಬರಹ ಕೊಡ್ತಾರೆ, ಅದನ್ನ ಹಿಡ್ಕೊಂಡು ಮೇಲಿನ ಮೆಟ್ಟಿಲಿಗೆ ಹೋಗ್ಬಹುದು. ಬರೀ ಬಾಯಿ ಮಾತಿನ ಮೇಲೆ ಅಪೀಲು ಹಾಕೋಕಾಗಲ್ಲ.

ಎರಡೂ ಆಗ್ಲಿಲ್ವಾ, ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರು, ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದದೊಳಗೆ ಇರ್ಬೇಕು. ಯಾಕೆ ಮಾಡಿಲ್ಲ ಅಂತ ಜಗಳಕ್ಕೆ ನಿಲ್ಬೇಡಿ, ಯಾಕೆ ಅನ್ನೋದಕ್ಕೆ ಉತ್ತರ ಕೊಡಲ್ಲ ಅವ್ರು, ದಾಖಲೆ ಕೇಳಿ. "ಇಂಥಾ ದಿನಾಂಕದ ಇಂಥಾ ಇನ್‌ವರ್ಡ್ ನಂಬರಿನ ನನ್ನ ಅರ್ಜಿಯ ಮೇಲೆ ಈವರೆಗೆ ಬರೆದ ಎಲ್ಲ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ." ಇಷ್ಟು ಸಾಕು. 30 ದಿನದಲ್ಲಿ ಉತ್ತರ ಬರ್ಬೇಕು, ಬರ್ಲಿಲ್ಲ ಅಂದ್ರೆ ಅದೇ ಆಫೀಸಿನ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಮಾಹಿತಿ ಆಯೋಗ. ಎಷ್ಟೋ ಸಲ ಈ ಅರ್ಜಿ ಹೋದ ವಾರದಲ್ಲೇ ಮೂಲ ಕೆಲಸಾನೇ ಆಗ್ಬಿಡುತ್ತೆ. 1902ಕ್ಕೆ ಫೋನ್ ಮಾಡಿ ದೂರು ದಾಖಲಿಸೋದೂ ಇದೆ, ಅದೂ ಕೊನೆಗೆ ಬರೋದು ಅದೇ ಟೇಬಲ್ಲಿಗೆ, ಆದ್ರೆ ನಂಬರ್ ಸಮೇತ ಬರುತ್ತೆ. ದುಡ್ಡು ಕೇಳಿದ್ರೆ ಲೋಕಾಯುಕ್ತ, ಮಧ್ಯದಲ್ಲಿ ಎಸಿಬಿ ಅಂತ ಒಂದು ಭ್ರಷ್ಟಾಚಾರ ನಿಗ್ರಹ ದಳ ಬಂದಿತ್ತು, 2022ರಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡಿ ಕೇಸುಗಳನ್ನ ಲೋಕಾಯುಕ್ತಕ್ಕೇ ವಾಪಸ್ ಕೊಡ್ತು. ಕೊಡೋ ಮುಂಚೆ ಹೋಗ್ಬೇಕು, ಕೊಟ್ಟು ಆದ್ಮೇಲೆ ಅಲ್ಲ.

ಕಾಲಾನೂ ನೋಡ್ಕೊಳ್ಳಿ. ಮಾರ್ಚಲ್ಲಿ ಎಲ್ರೂ ಬಿಲ್ಲು ಖಜಾನೆಗೆ ಹಾಕೋ ಗಡಿಬಿಡೀಲಿರ್ತಾರೆ, 31ನೇ ತಾರೀಕು ದಾಟಿದ್ರೆ ಅನುದಾನ ವಾಪಸ್ಸು, ಆಗ ನಿಮ್ಮ ಪಹಣಿ ಯಾರಿಗೂ ಬೇಡ. ಮೇ ಜೂನ್ ವರ್ಗಾವಣೆ ಸೀಸನ್ನು, ಅರ್ಧ ಕುರ್ಚಿ ಖಾಲಿ, ಇನ್ನರ್ಧ ಹೊಸಬ್ರು. ಡಿಸೆಂಬರಲ್ಲಿ ಬೆಳಗಾವಿ ಸುವರ್ಣಸೌಧದಲ್ಲಿ ಅಧಿವೇಶನ ಇದ್ರೆ ದೊಡ್ಡ ಆಫೀಸರ್‌ಗಳೆಲ್ಲ ಅಲ್ಲೇ ಠಿಕಾಣಿ. ಎಲೆಕ್ಷನ್ ನೀತಿಸಂಹಿತೆ ಬಂತು ಅಂದ್ರೆ ಹೊಸ ಆದೇಶ ಹೊರಡಲ್ಲ, ಆದ್ರೆ ಸರ್ಟಿಫಿಕೇಟು ಪಹಣಿ ಇವಕ್ಕೆ ನೀತಿಸಂಹಿತೆ ಅಡ್ಡ ಬರಲ್ಲ, ಆ ನೆಪ ಹೇಳಿದ್ರೆ ನಂಬ್ಬೇಡಿ. ಮತ್ತೆ ಎರಡನೇ ಶನಿವಾರ, ನಾಲ್ಕನೇ ಶನಿವಾರ ಎರಡೂ ರಜೆ, ನಾನು ಒಂದ್ಸಲ ನಾಲ್ಕನೇ ಶನಿವಾರ ಹೋಗಿ ಬೀಗಕ್ಕೆ ನಮಸ್ಕಾರ ಹೊಡೆದು ಬಂದಿದೀನಿ.

ನಮ್ಮಪ್ಪನ ಇನಿಶಿಯಲ್ ಕಥೆ ಏನಾಯ್ತು ಅಂತ ಕೇಳ್ತೀರೇನೋ. ಆ ಕೇಸ್ ವರ್ಕರ್ ಕುರ್ಚಿ ತೋರಿಸಿ ಕೂರಿ ಅಂದ್ರು, ಹಳೇ ಕೈಬರಹದ ಪಹಣಿ ಮತ್ತೆ ಎಂಆರ್ ಪ್ರತಿ ರೆಕಾರ್ಡ್ ರೂಮಿಂದ ತೆಗೆಸ್ಕೊಂಡು ಬನ್ನಿ, ಅದರಲ್ಲಿ ಸರಿ ಇದ್ರೆ ಕಂಪ್ಯೂಟರಿಗೆ ಹತ್ತಿಸುವಾಗ ಆದ ತಪ್ಪು ಅಂತ ತೋರಿಸ್ಬಹುದು ಅಂದ್ರು. ತಂದುಕೊಟ್ಟೆ. ಕೆಲವು ವಾರದಲ್ಲಿ ಹೊಸ ಪಹಣಿ ಬಂತು, ಇನಿಶಿಯಲ್ ಸರಿ ಇತ್ತು. ಮನೇಲಿ ಅಪ್ಪ ಕನ್ನಡಕ ಹಾಕ್ಕೊಂಡು ಜಗಲಿ ಮೇಲೆ ಕೂತು ಅದನ್ನ ಮೇಲಿಂದ ಕೆಳಗೆ ಎರಡು ಸಲ ಓದಿದ್ರು, ಆಮೇಲೆ ತಲೆ ಎತ್ತಿ, "ಹೆಸರೇನೋ ಸರಿ ಆಯ್ತು, ಎರಡು ಗುಂಟೆ ಎಲ್ಲೋಯ್ತೋ?" ಅಂದ್ರು. ಅದು ಸರ್ವೆ ಸೆಕ್ಷನ್ನು. ಅದೇ ಬಿಲ್ಡಿಂಗು, ಮಹಡಿ ಮೇಲೆ, ಎಡಗಡೆ ಎರಡನೇ ಬಾಗಿಲು.